ಜಗುಲಿಯ ಜ್ಞಾನಿಗಳೂ ಗುಂಟೂರು ಮೆಣಸಿನಕಾಯಿಯೂ

ಯಾರ ಮನೆಯಿಂದಲಾದರೂ ಒಣಮೆಣಸಿನಕಾಯಿ ಸುಟ್ಟ ಘಾಟು ಬಂದರೆ ಉಳಿದವರಿಗೆ ಕೆಮ್ಮು ಬರುತ್ತದೆ, ನನಗೆ ತತ್ವಶಾಸ್ತ್ರ ನೆನಪಾಗುತ್ತದೆ. ಹೀಗೆಂದರೆ ಜನ ನನ್ನ ಮುಖವನ್ನು ಒಂದು ಥರಾ ನೋಡುತ್ತಾರೆ. ನೀವೂ ಹಾಗೇ ನೋಡುತ್ತಿದ್ದೀರಿ ಅಂತ ಗೊತ್ತು. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನೋಡಿ.

ಎಪ್ಪತ್ತರ ದಶಕದ ಮಾತು. ನನಗೆ ಹೊಸದಾಗಿ ಮದುವೆಯಾಗಿತ್ತು, ಸಿಟ್ಟು ಮಾತ್ರ ಹಳೆಯದಾಗಿತ್ತು. ಅದು ನಮ್ಮ ಮನೆತನದಲ್ಲೇ ಹರಿದು ಬಂದದ್ದು. ನಮ್ಮಪ್ಪ ಚಪ್ಪಲಿಯ ಒಂದು ಕಾಲು ಸಿಗದಿದ್ದರೆ ಸಿಕ್ಕ ಇನ್ನೊಂದು ಕಾಲನ್ನು ಬೀದಿಗೆ ಎಸೆದು ಬರಿಗಾಲಲ್ಲಿ ಹೋಗುತ್ತಿದ್ದರು. ನನ್ನದು ಅಷ್ಟು ಠೀವಿಯ ಸಿಟ್ಟಲ್ಲ, ಗುಮಾಸ್ತನ ಸಿಟ್ಟು. ಪಂಪ್ ಸ್ಟವ್ ಹತ್ತದಿದ್ದರೆ ಸ್ಟವ್ ಮೇಲೆ, ಅದರ ತೂತು ಬಿಡಿಸಲು ಚುಚ್ಚಿದ ಪಿನ್ನು ಒಳಗೇ ಮುರಿದರೆ ಪಿನ್ನಿನ ಮೇಲೆ, ಬಸ್ಸು ನಿಲ್ಲಿಸದೆ ಹೋದರೆ ಅದರ ಹಿಂದೆ ಪಾಪ ನಿಲ್ಲಿಸಿದ ಇನ್ನೊಂದು ಬಸ್ಸಿನ ಮೇಲೆ. ಆಫೀಸಿನಲ್ಲಿ ಮಾತ್ರ ಸಿಟ್ಟು ಬರುತ್ತಿರಲಿಲ್ಲ. ಅಲ್ಲಿ ನನಗಿಂತ ಮೇಲಿನವರು ಇದ್ದರು.

ಆಗ ನಾವಿದ್ದದ್ದು ಗೋವಿಂದರಾಜನಗರದಲ್ಲಿ, ಮಾಗಡಿ ರಸ್ತೆಯಿಂದ ಸ್ವಲ್ಪ ಒಳಕ್ಕೆ. ಮುಂದುಗಡೆ ಓನರ್ ಮನೆ, ಹಿಂದುಗಡೆ ನಮ್ಮ ಎರಡು ಕೋಣೆ, ನಡುವೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಬಟ್ಟೆ ಒಣಹಾಕಲು ಒಂದು ತಂತಿ. ಓನರ್ ರುದ್ರಪ್ಪನವರು ದಾವಣಗೆರೆ ಕಡೆಯವರು. ಸರ್ಕಾರಿ ಕೆಲಸದಿಂದ ರಿಟೈರಾಗಿ ಇಲ್ಲಿ ಮನೆ ಕಟ್ಟಿಕೊಂಡಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಗದರಿಕೆ. ಬೆಳಗಿನ ಪೂಜೆ ಮುಗಿಸಿ ಜಗುಲಿಯ ಮೇಲೆ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವವರು. ಅವರ ಹೆಂಡತಿ ಗೌರಮ್ಮನವರು ಸಾಧು ಹೆಂಗಸು. ಅವರಿಗಿದ್ದ ಒಂದೇ ಚಟವೆಂದರೆ ನಶ್ಯ. ವರ್ಷಗಟ್ಟಲೆ ನಶ್ಯ ಏರಿಸಿ ಏರಿಸಿ ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ, ಮಲ್ಲಿಗೆ ಮುಡಿದರೂ ಗೊತ್ತಾಗುತ್ತಿರಲಿಲ್ಲ. ಈ ಮೂಗನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದಕ್ಕೆ ಕೆಲಸವಿದೆ.

ರುದ್ರಪ್ಪನವರಿಗೆ ಮಾತುಮಾತಿಗೂ ಬಾಯಿಗೆ ಬರುವ ಒಂದು ತಕಿಯಾಕಲಾಮು ಇತ್ತು: "ಮನೆ ಖಾಲಿ ಮಾಡ್ರಿ." ಬೇರೆಯವರು ನಮಸ್ಕಾರ ಹೇಳುವ ಕಡೆ ಅವರು ಇದನ್ನು ಹೇಳುತ್ತಿದ್ದರು. ಗೇಟು ತೆರೆದಿಟ್ಟರೆ ಖಾಲಿ ಮಾಡ್ರಿ. ರೇಡಿಯೋ ಜೋರಾದರೆ ಖಾಲಿ ಮಾಡ್ರಿ. ಒಂದು ಸಲ ನಾನು ಸೀನಿದ್ದಕ್ಕೂ ಅಂದದ್ದುಂಟು, ಏಕೆಂದರೆ ಅವರು ಹೊರಗೆ ಹೊರಟಿದ್ದರು. ಅವರು ಅಂದ ತಕ್ಷಣ ನಾನು ಬನಿಯನ್ನಿನಲ್ಲೇ ಹೊರಗೆ ಬಂದು, "ಏನ್ ಸಾರ್, ಖಾಲಿ ಮಾಡಿ ಅಂದ್ರೆ ಮಾಡ್ಬಿಡೋಕೆ ನಾವೇನು ಡಬ್ಬಾನಾ?" ಎಂದು ಶುರು ಮಾಡುತ್ತಿದ್ದೆ. ಅವರು ಹಿಂದಿನ ವರ್ಷದ ತಪ್ಪುಗಳನ್ನೆಲ್ಲ ತೆಗೆಯುತ್ತಿದ್ದರು, ನಾನು ಅವರ ಸೋರುವ ಸೂರನ್ನು ತೆಗೆಯುತ್ತಿದ್ದೆ. ಇಬ್ಬರಿಗೂ ಗಂಟಲು ಒಣಗಿದ ಮೇಲೆ ಒಳಗೆ ಹೋಗುತ್ತಿದ್ದೆವು. ಸಂಜೆ ಗೌರಮ್ಮನವರು ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ತಂದಿಟ್ಟು ಹೋಗುತ್ತಿದ್ದರು. ಮಂಡಕ್ಕಿ ಬಂತೆಂದರೆ ಜಗಳ ಮುಗಿದಂತೆ.

ನನ್ನ ಹೆಂಡತಿ ಗಿರಿಜೆಗೆ ಈ ವ್ಯವಸ್ಥೆ ಒಗ್ಗಿತ್ತು. ಅಷ್ಟೇ ಅಲ್ಲ, ಆ ಮನೆಯೆಂದರೆ ಅವಳಿಗೆ ಪ್ರಾಣ. ಆಗ ಅವಳು ಬಸುರಿ, ಆರನೆಯ ತಿಂಗಳು. ಅವಳಿಗೆ ತಾಯಿಯಿಲ್ಲ. ಗೌರಮ್ಮನವರಿಗೆ ಮಕ್ಕಳಿಲ್ಲ. "ನಿನ್ನ ಬಾಣಂತನ ನಾನು ಮಾಡ್ತೀನಿ ತಂಗಿ, ಯಾರ ಮನಿಗೂ ಹೋಗಬ್ಯಾಡ" ಎಂದು ಅವರು ಹೇಳಿದ ದಿನ ಗಿರಿಜೆ ನಲ್ಲಿಯ ಹತ್ತಿರ ಕೂತು ಸುಮ್ಮನೆ ಅತ್ತಿದ್ದಳು. ನಾನು ಆ ಹೊತ್ತಿಗೆ ಸ್ಟವ್ ಜೊತೆ ಜಗಳವಾಡುತ್ತಿದ್ದೆ.

ಇಂಥ ನೆಮ್ಮದಿಯ ಮಧ್ಯೆ ನಾನೊಂದು ಪುಸ್ತಕ ಕೊಂಡೆ. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಸಿಕ್ಕ ಇಂಗ್ಲಿಷ್ ಪುಸ್ತಕ. ರಟ್ಟು ಹರಿದಿತ್ತು, ಮೊದಲ ಪುಟಗಳೂ ಇರಲಿಲ್ಲ. ಹಾಗಾಗಿ ಅದರ ಹೆಸರು ಇವತ್ತಿಗೂ ಗೊತ್ತಿಲ್ಲ. ಒಳಗೊಂದು ಎಣ್ಣೆ ದೀಪದ ಚಿತ್ರ ನೋಡಿ, ಸ್ಟವ್ ರಿಪೇರಿಗೆ ಸಂಬಂಧಪಟ್ಟದ್ದೆಂದು ಕೊಂಡುಬಿಟ್ಟೆ. ಮನೆಗೆ ಬಂದು ಓದಿದರೆ ಅದು ಮನುಷ್ಯನ ರಿಪೇರಿಯ ಪುಸ್ತಕ.

ಅದರಲ್ಲಿದ್ದದ್ದು ಸ್ಟೋಯಿಕರ ವಿಚಾರ. ಗ್ರೀಸಿನಲ್ಲಿ ಹುಟ್ಟಿ ರೋಮಿನಲ್ಲಿ ಬೆಳೆದ ಹಳೆಯ ಪಂಥ. ಸ್ಟೋಯಾ ಎಂದರೆ ಅವರ ಭಾಷೆಯಲ್ಲಿ ಕಂಬಗಳಿರುವ ಜಗುಲಿಯಂತೆ. ಅಲ್ಲಿ ಕೂತು ಪಾಠ ಹೇಳುತ್ತಿದ್ದುದರಿಂದ ಆ ಹೆಸರು ಬಂತಂತೆ. ಅಂದರೆ ಕನ್ನಡದಲ್ಲಿ ಅವರು ಜಗುಲಿಯವರು. ಇದನ್ನು ಓದಿ ನನಗೆ ಭಾರಿ ಸಂತೋಷವಾಯಿತು. ಜಗುಲಿಯ ಮೇಲೆ ಕೂತವರೆಲ್ಲ ಜ್ಞಾನಿಗಳಾಗುವುದಿಲ್ಲ ಎನ್ನುವುದಕ್ಕೆ ರುದ್ರಪ್ಪನವರು ಕಣ್ಣೆದುರೇ ಇದ್ದರು, ಅದು ಬೇರೆ ವಿಷಯ.

ಈ ಜಗುಲಿಯವರು ಹೇಳುವುದು ಸರಳ. ಜಗತ್ತಿನಲ್ಲಿ ಕೆಲವು ನಮ್ಮ ಕೈಲಿವೆ, ಉಳಿದವು ಇಲ್ಲ. ನಮ್ಮ ಮನಸ್ಸು ನಮ್ಮ ಕೈಲಿದೆ. ಬಸ್ಸು, ಮಳೆ, ಓನರ್ ಇವು ಇಲ್ಲ. ಇಲ್ಲದ್ದಕ್ಕೆ ಕೂಗಾಡಿದರೆ ಗಂಟಲು ಹಾಳು. ಇನ್ನೂ ಕೆಲವು ಅಭ್ಯಾಸಗಳಿದ್ದವು. ಆಗಾಗ ನೆಲದ ಮೇಲೆ ಮಲಗಬೇಕು, ಸಪ್ಪೆ ಊಟ ಮಾಡಬೇಕು, ಬಡತನ ಬಂದರೆ ಹೇಗಿರುತ್ತದೆಂದು ರೂಢಿ ಮಾಡಿಕೊಳ್ಳಬೇಕು. ಇದೆಲ್ಲ ರೋಮಿನ ಶ್ರೀಮಂತರಿಗೆ ಹೇಳಿದ್ದಿರಬೇಕು. ನಮ್ಮ ಮನೆಯಲ್ಲಿ ಮಂಚವೇ ಇರಲಿಲ್ಲ. ತಿಂಗಳ ಕೊನೆಯ ವಾರ ಗಿರಿಜೆ ಮಾಡುತ್ತಿದ್ದ ಸಾರು ಕಂಡಿದ್ದರೆ ಆ ಜ್ಞಾನಿಗಳೇ ಸ್ವಲ್ಪ ಹುಳಿ ಹಿಂಡಮ್ಮ ಎನ್ನುತ್ತಿದ್ದರು. ಮುಂದೆ ಬರಬಹುದಾದ ಕೇಡನ್ನೆಲ್ಲ ಮೊದಲೇ ಊಹಿಸಿಕೊಂಡು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದೂ ಇತ್ತು. ಅದರಲ್ಲಿ ಗಿರಿಜೆ ಹುಟ್ಟಾ ಪಂಡಿತೆ. ನಾನು ಬರುವುದು ಸ್ವಲ್ಪ ತಡವಾದರೆ ಅವಳು ನನ್ನನ್ನು ಲಾರಿಯಡಿ ಹಾಕಿ, ಆಸ್ಪತ್ರೆಗೆ ಸಾಗಿಸಿ, ನಮ್ಮಣ್ಣನಿಗೆ ತಂತಿ ಕೊಡುವವರೆಗೂ ಊಹಿಸಿ ಮುಗಿಸಿರುತ್ತಿದ್ದಳು. ಗಟ್ಟಿಯಾಗಬೇಕಾದ ಮನಸ್ಸು ಮಾತ್ರ ಗಟ್ಟಿಯಾಗುತ್ತಿರಲಿಲ್ಲ.

ಆ ಪಂಥದಲ್ಲಿ ಒಬ್ಬ ಚಕ್ರವರ್ತಿಯೂ ಇದ್ದನಂತೆ, ಒಬ್ಬ ಗುಲಾಮನೂ ಇದ್ದನಂತೆ. ಚಕ್ರವರ್ತಿಯ ವಿಷಯ ನನಗೆ ಅಷ್ಟು ಹಿಡಿಸಲಿಲ್ಲ. ಅವನದು ಸ್ವಂತ ಮನೆ. ಗುಲಾಮನ ಮೇಲೆ ನಂಟಸ್ತನ ಹುಟ್ಟಿತು. ಅವನ ತಲೆಯ ಮೇಲೂ ಒಬ್ಬ ಓನರ್ ಇದ್ದ. ಅವನು ಶಾಂತನಾಗಿದ್ದನೆಂದರೆ ನಾನೇಕೆ ಆಗಬಾರದು ಎಂದು ಒಂದು ಸೋಮವಾರ ಸ್ನಾನ ಮಾಡಿ, ಇನ್ನು ಮುಂದೆ ಸಿಟ್ಟು ಮಾಡುವುದಿಲ್ಲವೆಂದು ನಿರ್ಧಾರ ಮಾಡಿದೆ.

ಮೊದಲ ವಾರ ಅದ್ಭುತವಾಗಿ ಕಳೆಯಿತು. ಸ್ಟವ್ ಹತ್ತದಿದ್ದಾಗ ಅದರ ಮುಂದೆ ಕೈಕಟ್ಟಿ ಕೂತು ಮಂದಹಾಸ ಬೀರಿದೆ. ಅವತ್ತು ಕಾಫಿ ಇಲ್ಲ. ಬಸ್ಸು ನಿಲ್ಲಿಸದೆ ಹೋದಾಗ ಅದರ ಬೆನ್ನಿಗೆ ಕೈಬೀಸಿದೆ. ಪಕ್ಕದಲ್ಲಿದ್ದವರು ಸ್ವಲ್ಪ ದೂರ ಸರಿದರು. ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನು ಗಿರಿಜೆ ಮರೆತಾಗ ಒಂದು ಮಾತಾಡದೆ ತಿಂದೆ. ಅವಳು ಆಮೇಲೆ ತಾನು ಒಂದು ತುತ್ತು ಬಾಯಿಗಿಟ್ಟು, ನನ್ನ ಹಣೆ ಮುಟ್ಟಿ ನೋಡಿದಳು.

"ಯಾಕ್ರೀ, ಮೈ ಸರಿಯಿಲ್ವಾ?"

"ಚೆನ್ನಾಗೇ ಇದೀನಿ ಕಣೇ."

"ಮತ್ತೆ ಯಾಕೆ ಬೈಲಿಲ್ಲ?"

ಉಪ್ಪು ನಾಲಿಗೆಯ ಆಸೆ, ಆಸೆ ಮನಸ್ಸಿನ ದಾಸ್ಯ ಎಂದೆ. ಅವಳು ಸುಮ್ಮನೆ ಎದ್ದು ಒಳಗೆ ಹೋದಳು. ಆ ಎದ್ದು ಹೋಗುವಿಕೆಯಲ್ಲಿ ನನಗೆ ಗೌರವ ಕಂಡಿತು.

ಎರಡನೆಯ ವಾರ ನಾನು ಗೇಟು ಹಾಕುವುದನ್ನು ಮರೆತೆ. ಬೀದಿಯ ಹಸುವೊಂದು ಒಳಗೆ ಬಂದು, ತಂತಿಯ ಮೇಲಿದ್ದ ರುದ್ರಪ್ಪನವರ ಜರಿಯಂಚಿನ ಪಂಚೆಯನ್ನು ಅರ್ಧದವರೆಗೆ ತಿಂದು, ಜರಿ ರುಚಿಸದೆ ಬಿಟ್ಟು ಹೋಯಿತು. ರುದ್ರಪ್ಪನವರು ಉಳಿದರ್ಧ ಪಂಚೆಯನ್ನು ಕೈಯಲ್ಲಿ ಹಿಡಿದು ಹಿಂದಿನ ಅಂಗಳಕ್ಕೆ ಬಂದರು.

"ನೋಡ್ರಿ ಇದನ್ನ. ಸಾಕಾತು ನಿಮ್ಮ ಸಹವಾಸ. ಮನೆ ಖಾಲಿ ಮಾಡ್ರಿ."

ಗಿರಿಜೆ ಒಳಗೆ ಅಕ್ಕಿ ಆರಿಸುತ್ತಿದ್ದಳು, ತಲೆ ಕೂಡ ಎತ್ತಲಿಲ್ಲ. ಗೌರಮ್ಮನವರು ಮಂಡಕ್ಕಿ ಡಬ್ಬಿ ಇಳಿಸಿದ ಸದ್ದು ಕೇಳಿಸಿತು. ನಾನು ಷರಟು ಹಾಕಿಕೊಂಡು, ಗುಂಡಿಗಳನ್ನೆಲ್ಲ ಹಾಕಿ, ಹೊರಗೆ ಬಂದು ಕೈಮುಗಿದು ಹೇಳಿದೆ:

"ಆಗಲಿ ಸಾರ್. ಮನೆ ನಿಮ್ಮದು. ಮುಂದಿನ ತಿಂಗಳು ಮಾಡ್ತೀವಿ."

ಹಿಂದಿನ ವರ್ಷದ ತಪ್ಪುಗಳೆಲ್ಲ ರುದ್ರಪ್ಪನವರ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು, ಹೊರಗೆ ಬರಲು ದಾರಿಯಿಲ್ಲ. ಪಂಚೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಹಂಗಾರೆ... ಆತು ಬಿಡ್ರಿ" ಎಂದು ಹೊರಟುಹೋದರು. ಒಳಗೆ ಅಕ್ಕಿಯ ಮೊರ ಬಿದ್ದ ಶಬ್ದವಾಯಿತು. ಅವತ್ತು ಸಂಜೆ ಮಂಡಕ್ಕಿ ಬರಲಿಲ್ಲ.

ಗಿರಿಜೆ ನನ್ನನ್ನು ಬೈಯಲಿಲ್ಲ. ಅತ್ತಳು. "ಬಸುರಿ ಇರುವಾಗ ಯಾರಾದ್ರೂ ಮನೆ ಬದಲಾಯಿಸ್ತಾರಾ? ಹೆರಿಗೆ ನೋವು ಬಂದ್ರೆ ಯಾರನ್ನ ಕೂಗ್ಲಿ ನಾನು?" ಎಂದಳು. ನೋವೂ ನಮ್ಮ ಕೈಲಿಲ್ಲ, ಅದನ್ನು ನಾವು ನೋಡುವ ಬಗೆ ಮಾತ್ರ ನಮ್ಮ ಕೈಲಿದೆ ಎಂದು ವಿವರಿಸಿದೆ. ಬಸುರಿ ಹೆಂಡತಿಗೆ ಈ ವಾಕ್ಯ ಹೇಳಿ ಬದುಕಿ ಉಳಿದ ಗಂಡಸು ಜಗುಲಿಯವರಲ್ಲೂ ಇದ್ದಿರಲಾರ. ಅವಳು ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಊಟ ಮಾತ್ರ ಹಾಕುತ್ತಿದ್ದಳು, ಅದರಲ್ಲಿ ಉಪ್ಪು ಸರಿಯಾಗಿರುತ್ತಿತ್ತು. ಅದರಿಂದಲೇ ನನಗೆ ಜಾಸ್ತಿ ಭಯವಾಗಿದ್ದು.

ಮನೆ ಹುಡುಕಲು ಹೊರಟೆ. ವಿಜಯನಗರದಲ್ಲಿ ಸಿಕ್ಕ ಮನೆಗೆ ನೀರಿರಲಿಲ್ಲ, ನೀರಿದ್ದ ಮನೆಗೆ ಕಿಟಕಿಯಿರಲಿಲ್ಲ. ಸುಂಕದಕಟ್ಟೆಯ ಕಡೆ ಒಂದು ಸಿಕ್ಕಿತು. ಆಗ ಅಲ್ಲಿ ಬಸ್ಸಿಳಿದವನಿಗೆ ಎದುರಾಗುತ್ತಿದ್ದುದು ರಾಗಿ ಹೊಲ. ಮನೆ ತೋರಿಸಿದವರು, "ಸಂಜೆ ಮೇಲೆ ಹಾವು ಓಡಾಡ್ತವೆ ಸಾರ್, ಏನೂ ಮಾಡಲ್ಲ" ಎಂದರು. ಹಾವೂ ನಮ್ಮ ಕೈಲಿಲ್ಲ ಎಂದುಕೊಂಡು ತಲೆಯಾಡಿಸಿ ಬಂದೆ.

ಇತ್ತ ರುದ್ರಪ್ಪನವರು ಆಡಿದ ಮಾತಿಗೆ ಕಟ್ಟುಬಿದ್ದು ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಹಾಕಿದರು. ಬರೆದ ಮಗ್ಗುಲು ಒಳಕ್ಕೆ ತಿರುಗಿತ್ತು. ಆದರೂ ಹೇಗೋ ತಿಳಿದು ಒಬ್ಬ ಮೇಷ್ಟ್ರು ಬಂದರು. ಜಗುಲಿಯ ಮೇಲೆ ರುದ್ರಪ್ಪನವರು ಅವರಿಗೆ ಹೇಳುತ್ತಿದ್ದುದನ್ನು ನಾನು ನಲ್ಲಿಯ ಹತ್ತಿರ ನಿಂತು ಕೇಳಿದೆ.

"ಮನೆ ಏನೋ ಐತ್ರಿ. ಸೋರ್ತೈತಿ. ತಿಗಣಿ ಅದಾವು. ಮತ್ತೆ ಓನರ್ ಸ್ವಭಾವ ಭಾಳ ಕೆಟ್ಟದ್ದು."

ಮೇಷ್ಟ್ರು ಗಾಬರಿಯಾಗಿ, "ಓನರ್ ಯಾರು ಸಾರ್?" ಎಂದರು.

"ನಾನೇ."

ನೀವಾಗಿದ್ದರೆ ಇಷ್ಟಕ್ಕೇ ಎಲ್ಲ ಅರ್ಥವಾಗುತ್ತಿತ್ತು. ನನಗಾಗಲಿಲ್ಲ. ಎಂಥ ಪ್ರಾಮಾಣಿಕ ಮನುಷ್ಯ, ತನ್ನನ್ನು ತಾನೇ ಅರಿತುಕೊಂಡಿದ್ದಾನೆ ಎಂದು ಮೆಚ್ಚಿಕೊಂಡೆ. ಜ್ಞಾನ ತಲೆಗೇರಿದಾಗ ಕಿವಿಗೆ ಬಿದ್ದದ್ದು ಒಳಗಿಳಿಯುವುದಿಲ್ಲ.

ಗಿರಿಜೆ ಕೊನೆಗೆ ಗೌರಮ್ಮನವರ ಮುಂದೆ ಹೇಳಿಕೊಂಡಳು. ಬೈಯಲ್ಲ, ಕೂಗಾಡಲ್ಲ, ಹಾವಿರುವ ಮನೆಗೆ ತಲೆಯಾಡಿಸಿ ಬಂದಿದ್ದಾರೆ ಎಂದಳು. ಗೌರಮ್ಮನವರು ಒಂದು ಚಿಟಿಕೆ ನಶ್ಯ ಏರಿಸಿ ತೀರ್ಪು ಕೊಟ್ಟರು: "ದೃಷ್ಟಿ ಆಗೇತಿ ತಂಗಿ. ಚಲೋ ಬೈತಿದ್ದ ಹುಡುಗ."

ದೃಷ್ಟಿ ತೆಗೆಯುವುದರ ನಿಯಮ ನಿಮಗೆ ಗೊತ್ತೇ ಇದೆ. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಕೆಂಡಕ್ಕೆ ಹಾಕಬೇಕು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಘಾಟು ಬಂದು ಕೆಮ್ಮು ಹತ್ತಿತೆಂದರೆ ದೃಷ್ಟಿ ಇಳಿದಂತೆ. ನನಗೂ ಇದು ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಜ್ಞಾನಿಗಳಾದವರಿಗೆ ಇಂಥ ಸಣ್ಣ ವಿಷಯ ಬೇಕಾದ ಹೊತ್ತಿಗೆ ನೆನಪಾಗುವುದಿಲ್ಲ.

ಭಾನುವಾರ ಸಂಜೆ ನನ್ನನ್ನು ನಮ್ಮ ಅಡುಗೆಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಬಸುರಿಗೆ ಹೊಗೆ ಆಗದೆಂದು ಗಿರಿಜೆಯನ್ನು ಮುಂದಿನ ಜಗುಲಿಗೆ ಕಳಿಸಿ, ಬಾಗಿಲು ಮುಂದೆ ಮಾಡಿದ್ದಾಯಿತು. ಒಳಗೆ ಉಳಿದದ್ದು ನಾನು, ಅಗ್ಗಿಷ್ಟಿಕೆಯ ಕೆಂಡ, ಗೌರಮ್ಮನವರು ಮತ್ತು ಅವರ ಮೂಗು. ಆ ಮೂಗಿಗೆ ಘಾಟು ತಿಳಿಯುವಂತಿಲ್ಲ, ಆದ್ದರಿಂದ ಸಾಕ್ಷಿಯೆಲ್ಲ ನನ್ನ ಕೆಮ್ಮಿನ ಮೇಲೇ ನಿಂತಿತ್ತು. ಇದು ನನಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದೇ ಬೇರೆ: ಇದು ಸಂಯಮದ ಪರೀಕ್ಷೆ. ದೇಹ ಕೆಮ್ಮಬಹುದು, ನಾನು ಕೆಮ್ಮಬಾರದು.

ಮೊದಲ ಹಿಡಿ ಬ್ಯಾಡಗಿ ಮೆಣಸಿನಕಾಯಿ. ಅದು ಬಣ್ಣಕ್ಕೆ ಹೆಸರಾದದ್ದು, ಖಾರ ಕಮ್ಮಿ. ಹಲ್ಲು ಕಚ್ಚಿ ಕೂತೆ. ಕಣ್ಣಿಂದ ನೀರು ಧಾರಾಕಾರ ಸುರಿಯಿತು. ಗೌರಮ್ಮನವರು, "ಅಳಬ್ಯಾಡಪಾ, ಎಲ್ಲಾ ಸರಿಹೋಗ್ತೈತಿ" ಎಂದು ಸೆರಗಿನಿಂದ ಕಣ್ಣೊರೆಸಿದರು. ಆ ಸೆರಗಿನಲ್ಲಿ ನಶ್ಯವಿತ್ತು. ಈಗ ಕೆಮ್ಮಿನ ಜೊತೆ ಸೀನನ್ನೂ ತಡೆಯಬೇಕಾಯಿತು. ತಡೆದೆ. ಆ ರೋಮಿನ ಚಕ್ರವರ್ತಿ ಎಷ್ಟೋ ಯುದ್ಧ ಗೆದ್ದಿರಬಹುದು, ಇಂಥದ್ದೊಂದನ್ನು ಗೆದ್ದಿರಲಿಕ್ಕಿಲ್ಲ.

"ಶಿವನೇ, ಘಾಟೇ ಇಲ್ಲ" ಎಂದು ಗೌರಮ್ಮನವರು ಬೆಚ್ಚಿದರು. "ಇಡೀ ಗೋವಿಂದರಾಜನಗರದ ಕಣ್ಣು ಬಿದ್ದೈತಿ." ಡಬ್ಬಿ ಬದಲಾಯಿಸಿದರು. ಈ ಸಲ ಗುಂಟೂರು, ಎರಡು ಹಿಡಿ.

ಅದನ್ನು ವರ್ಣಿಸಲು ನನಗೆ ಶಕ್ತಿಯಿಲ್ಲ. ಗೋಡೆಯ ಮೇಲಿದ್ದ ಹಲ್ಲಿ ಕಿಟಕಿಯಿಂದ ಹೊರಗೆ ಹೋದದ್ದು ಮಸುಕಾಗಿ ಕಂಡಿತು. ನನ್ನ ಮುಖ ಮೆಣಸಿನಕಾಯಿಗಿಂತ ಕೆಂಪಾಗಿತ್ತಂತೆ. ಉಸಿರು ಬಿಗಿಹಿಡಿದು, ಗಂಟಲು ನಮ್ಮ ಕೈಲಿದೆ, ಗಂಟಲು ನಮ್ಮ ಕೈಲಿದೆ ಎಂದು ಜಪ ಮಾಡುತ್ತಿದ್ದೆ. ಗೌರಮ್ಮನವರು ನನ್ನ ಕೆಮ್ಮಿಗಾಗಿ ದೇವರಲ್ಲಿ ಮೊರೆಯಿಡುತ್ತ ಮೂರನೆಯ ಸಲ ಡಬ್ಬಿಗೆ ಕೈಹಾಕಿದರು.

ಅಷ್ಟರಲ್ಲಿ ಹೊಗೆ ಬಾಗಿಲ ಸಂದಿಯಿಂದ ಅಂಗಳಕ್ಕೆ ಹೋಗಿ ರುದ್ರಪ್ಪನವರನ್ನು ಮುಟ್ಟಿತು. ಅವರು ಕೆಮ್ಮುತ್ತ, ಸೀನುತ್ತ, ಬಾಗಿಲು ತಳ್ಳಿಕೊಂಡು ಬಂದರು. ಒಳಗೆ ಯಾರಿದ್ದಾರೆಂದು ಹೊಗೆಯಲ್ಲಿ ಕಾಣಿಸಲಿಲ್ಲ. ಬಾಯಿಗೆ ರೂಢಿಯಾದ ಮಾತು ತಾನಾಗಿ ಬಂತು.

"ಯಾವನ್ರಿ ಅವ್ನು ನನ್ನ ಮನ್ಯಾಗೆ ಮೆಣಸಿನಕಾಯಿ ಸುಡೋನು? ಖಾಲಿ ಮಾಡ್ರಿ ಮನೆ."

"ಆಗಲಿ" ಎನ್ನಲು ಬಾಯಿ ತೆರೆದೆ. ಅದೇ ತಪ್ಪಾದದ್ದು. ಎರಡು ಹಿಡಿ ಗುಂಟೂರು ಒಟ್ಟಿಗೇ ಒಳಗೆ ನುಗ್ಗಿತು. ಕೆಮ್ಮು ಬಂತು, ಸೀನು ಬಂತು, ಅವುಗಳ ಬೆನ್ನಿಗೇ ಎರಡು ವಾರದಿಂದ ಅದುಮಿಟ್ಟಿದ್ದ ಸಿಟ್ಟೆಲ್ಲ ಬಂತು.

"ಏನ್ರೀ ಖಾಲಿ ಮಾಡೋದು? ಬಸುರಿ ಹೆಂಡ್ತೀನ ಕರ್ಕೊಂಡು ಎಲ್ಲಿಗ್ರೀ ಹೋಗ್ಲಿ? ಹಾವಿನ ಮನೆಗಾ? ಮಾಡಲ್ಲ ಕಣ್ರೀ. ಹಸು ಪಂಚೆ ತಿಂದ್ರೆ ಹಸೂನ ಕೇಳಿ. ನಿಮ್ಮ ಸೂರು ಸೋರುತ್ತೆ, ಗೇಟಿಗೆ ಚಿಲಕ ಇಲ್ಲ, ಬಂದ್ಬಿಟ್ರು ಖಾಲಿ ಮಾಡ್ಸೋಕೆ."

ಹೊಗೆಯಲ್ಲಿ ರುದ್ರಪ್ಪನವರ ಮುಖ ನನಗೆ ಈಗಲೂ ಕಾಣಿಸುತ್ತದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೆ ಆ ಮುಖದಷ್ಟು ಸಂತೋಷದ ಮುಖವನ್ನು ನಾನು ನೋಡಿಲ್ಲ. "ಏನಂದ್ರಿ? ಚಿಲಕ ಇಲ್ಲಾ? ಹೋದ ವರ್ಷ ಚಿಲಕ ಮುರಿದೋರು ಯಾರ್ರಿ?" ಎಂದು ಪಂಚೆ ಮೇಲೆತ್ತಿ ಕಟ್ಟಿಕೊಂಡು ಅಂಗಳಕ್ಕೆ ಇಳಿದರು. ನಾನೂ ಇಳಿದೆ. ಅಂಥ ಜಗಳ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಬೀದಿಯವರು ಬಂದು ನಿಂತು ನೋಡಿದರು. ಗಿರಿಜೆ ಜಗುಲಿಯ ಕಂಬಕ್ಕೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ಗೌರಮ್ಮನವರು ಬಾಗಿಲಲ್ಲಿ ನಿಂತು, "ಇಳೀತು, ಇಳೀತು" ಎಂದು ಎರಡೂ ಕೈ ಮುಗಿದರು. ಆಮೇಲೆ ಮಂಡಕ್ಕಿ ಬಂತು. ಅದರಲ್ಲಿ ಮೆಣಸಿನಕಾಯಿ ಇರಲಿಲ್ಲ, ಮನೆಯಲ್ಲಿದ್ದದ್ದೆಲ್ಲ ಸುಟ್ಟುಹೋಗಿತ್ತು. ಬೋರ್ಡಿನ ಹಲಗೆಯನ್ನು ರುದ್ರಪ್ಪನವರು ಒಡೆದು ಹಂಡೆಯ ಒಲೆಗೆ ಹಾಕಿದರು. ಮರುದಿನ ಆ ಬಿಸಿನೀರಿನಲ್ಲೇ ನನ್ನ ಸ್ನಾನವಾಯಿತು.

ಜಗುಲಿಯವರು ಹೇಳಿದ್ದು ಸುಳ್ಳೆಂದು ನಾನು ಅನ್ನುವುದಿಲ್ಲ. ಮನಸ್ಸು ನಮ್ಮ ಕೈಲಿರಬೇಕು, ನಿಜ. ಆದರೆ ಯಾವುದು ಜಗಳ, ಯಾವುದು ಬರೀ ಮಾತುಕತೆ ಎಂದು ಮೊದಲು ತಿಳಿದುಕೊಳ್ಳಬೇಕು ಎನ್ನುವ ಪುಟ ನನ್ನ ಪ್ರತಿಯಲ್ಲಿ ಹರಿದುಹೋಗಿತ್ತೋ ಏನೋ. ರುದ್ರಪ್ಪನವರು ಖಾಲಿ ಮಾಡ್ರಿ ಎಂದಾಗ ಅವರಿಗೆ ಬೇಕಾಗಿದ್ದದ್ದು ಖಾಲಿ ಮನೆಯಲ್ಲ. ಹೋಗಲ್ಲ ಎಂದು ಯಾರಾದರೂ ಗಟ್ಟಿಯಾಗಿ ಹೇಳುವುದನ್ನು ಅವರು ಕೇಳಬೇಕಾಗಿತ್ತು.

ಮಗಳು ಅದೇ ಮನೆಯಲ್ಲಿ ಹುಟ್ಟಿದಳು. ಗೌರಮ್ಮನವರೇ ಹರಳೆಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ಎರೆದರು. ಗಿರಿಜೆ ಯಾರನ್ನೂ ಕೂಗಬೇಕಾಗಲಿಲ್ಲ, ಕೂಗುವ ಮೊದಲೇ ಅವರು ಬಂದಿರುತ್ತಿದ್ದರು. ಆ ಪುಸ್ತಕ ಮಾತ್ರ ಮೂಲೆಯಲ್ಲಿ ಬಿದ್ದಿತ್ತು. ಒಂದು ದಿನ ರುದ್ರಪ್ಪನವರು ಅದನ್ನು ನೋಡಿ, "ಕೊಡ್ರಿ, ಏನೈತಿ ನೋಡೋಣ" ಎಂದು ಕೇಳಿ ತೆಗೆದುಕೊಂಡು ಹೋದರು. ಜಗುಲಿಯ ಮೇಲೆ ಕನ್ನಡಕ ಹಾಕಿಕೊಂಡು ಓದುತ್ತಿರುವುದು ಕಾಣುತ್ತಿತ್ತು. ನನಗೆ ಏನೂ ಅನುಮಾನ ಬರಲಿಲ್ಲ.

ಒಂದು ಬೆಳಿಗ್ಗೆ ನಾನು ಮತ್ತೆ ಗೇಟು ಹಾಕುವುದನ್ನು ಮರೆತೆ. ಅದೇ ಹಸು ಬಂತು. ಈ ಸಲ ಜರಿಯಿಲ್ಲದ ಪಂಚೆ ಸಿಕ್ಕಿತು, ಪೂರ್ತಿ ತಿಂದಿತು. ನಾನು ಬನಿಯನ್ನಿನಲ್ಲೇ ಓಡಿಬಂದು, ಸೋರುವ ಸೂರು, ಇಲ್ಲದ ಚಿಲಕ ಎಲ್ಲವನ್ನೂ ನೆನಪು ಮಾಡಿಕೊಂಡು ತಯಾರಾಗಿ ನಿಂತೆ. ರುದ್ರಪ್ಪನವರು ಕನ್ನಡಕದ ಮೇಲಿಂದ ಖಾಲಿ ತಂತಿಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಮುಗುಳ್ನಕ್ಕು ಹೇಳಿದರು:

"ಆಗಲಿ ಬಿಡ್ರಿ. ಪಂಚೆ ನಮ್ಮ ಕೈಯಾಗಿಲ್ಲ."

ನಾನು ಒಳಗೆ ಓಡಿಹೋಗಿ ಗಿರಿಜೆಗೆ ಹೇಳಿದೆ, "ಮಗೂನ ಎತ್ಕೊಂಡು ಆಚೆ ಹೋಗು ಕಣೇ, ಗೌರಮ್ಮನವರನ್ನ ಕಳ್ಸು, ಹಾಗೇ ಅಂಗಡಿಯಿಂದ ಗುಂಟೂರು ಮೆಣಸಿನಕಾಯಿ ತಾ."